ವಾಲೆಟ್ ವಹಿವಾಟೆಲ್ಲ ಶೀಟ್‌ಗೆ ಇಳಿಸಿದೆ, ಮೊತ್ತ ಮಾತ್ರ ತಾಳೆ ಆಗ್ತಿಲ್ಲ

ಲೆಕ್ಕದಹಾಳೆ

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಇದರ ಹಿಂದೇನೇ ಬಿದ್ದಿದೀನಿ, ಇನ್ನು ಗೊತ್ತಿದ್ದವರನ್ನ ಕೇಳೋದೇ ಸರಿ ಅನ್ನಿಸ್ತು.

ನನ್ನ ಮಷೀನಿನಲ್ಲೇ ಬಿಟ್‌ಕಾಯಿನ್ ಕೋರ್ (ಬಿಟ್‌ಕಾಯಿನ್ ಜಾಲಕ್ಕೆ ಸೇರಿಕೊಳ್ಳೋ ತಂತ್ರಾಂಶ) ಓಡ್ತಿದೆ, ವಾಲೆಟ್ಟೂ ಅದರಲ್ಲೇ ಇದೆ. ಮೂರು ವರ್ಷದಲ್ಲಿ ಬಂದದ್ದು, ಹೋದದ್ದು ಎಲ್ಲವನ್ನೂ ಒಂದು ಸ್ಪ್ರೆಡ್‌ಶೀಟ್‌ಗೆ ತರಬೇಕಿತ್ತು. ಕೋರ್‌ಗೆ ಆದೇಶ ಕೊಡೋ ಬಿಟ್‌ಕಾಯಿನ್-ಸಿಎಲ್‌ಐ ಮೂಲಕ, ವಹಿವಾಟಿನ ಪಟ್ಟಿ ಕೊಡೋ ಲಿಸ್ಟ್‌ಟ್ರಾನ್ಸಾಕ್ಷನ್ಸ್ ಆದೇಶ ಕರೆದು, ಅದು ಕೊಡೋ ಜೇಸನ್ (ಹೆಸರು–ಬೆಲೆ ಜೋಡಿಗಳ ಪಠ್ಯ) ಓದಿ, ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಮ್ ಬೇರ್ಪಡಿಸಿದ ಫೈಲ್) ಬರೆಯೋ ಒಂದು ಪೈಥಾನ್ ಸ್ಕ್ರಿಪ್ಟ್ ಮಾಡಿದೆ. ನಲವತ್ತು ಸಾಲೂ ಇಲ್ಲ. ಮೊದಲ ಸಲ ಓಡಿಸಿದಾಗ ಹತ್ತೇ ವಹಿವಾಟು ಬಂತು. ಏನೂ ಹೇಳದಿದ್ರೆ ಅದು ಕೊನೆಯ ಹತ್ತನ್ನ ಮಾತ್ರ ಕೊಡುತ್ತೆ ಅಂತ ಆಮೇಲೆ ಗೊತ್ತಾಯ್ತು. 1000 ಅಂತ ಕೊಟ್ಟೆ, 143 ಸಾಲು ಬಂತು. ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ.

ಮೊತ್ತದ ಕಾಲಮ್ಮನ್ನೂ ಫೀ (ವಹಿವಾಟು ಕಳಿಸೋಕೆ ಕೊಡೋ ಶುಲ್ಕ) ಕಾಲಮ್ಮನ್ನೂ ಕೂಡಿಸಿದ್ರೆ 4,17,89,999 ಸತೋಶಿ (ಹತ್ತು ಕೋಟಿ ಸತೋಶಿ ಸೇರಿದ್ರೆ ಒಂದು ಬಿಟ್‌ಕಾಯಿನ್). ವಾಲೆಟ್ ತೋರಿಸ್ತಿರೋ ಬ್ಯಾಲೆನ್ಸ್ 0.41862 ಬಿಟ್‌ಕಾಯಿನ್, ಅಂದ್ರೆ 4,18,62,000 ಸತೋಶಿ. 72,001 ಸತೋಶಿ ಕಡಿಮೆ ಬೀಳ್ತಿದೆ. ಸಾಲು ಯಾವುದೂ ಬಿಟ್ಟುಹೋಗಿಲ್ಲ, ಒಂದೊಂದನ್ನೂ ಕಣ್ಣಲ್ಲಿ ನೋಡಿದೀನಿ. ಎಲ್ಲಿ ತಪ್ಪಿರಬಹುದು?

ಒತ್ತುಗುಂಡಿ

ಇದಕ್ಕೆ ಸ್ಕ್ರಿಪ್ಟ್ ಯಾಕೆ ಬೇಕು? ಕೋರ್‌ನ ಕಿಟಕಿ ತೆರೆದು ವಹಿವಾಟುಗಳ ಟ್ಯಾಬ್‌ಗೆ ಹೋಗಿ ಎಕ್ಸ್‌ಪೋರ್ಟ್ ಒತ್ತಿ. ಸಿಎಸ್‌ವಿ ಸಿಗುತ್ತೆ. ನಾನು ಹಾಗೇ ಮಾಡೋದು, ಮೊತ್ತ ಯಾವತ್ತೂ ತಪ್ಪಿಲ್ಲ.

ಕಪ್ಪುಪರದೆ

ಒತ್ತುಗುಂಡಿ ಅವರು ಹೇಳಿದ್ದು ನಿಜ, ಅಲ್ಲಿ ಮೊತ್ತ ತಾಳೆ ಆಗುತ್ತೆ. ಆದರೆ ಯಾಕೆ ಆಗುತ್ತೆ ಅಂತ ನೋಡಿ. ಆ ಫೈಲಿನಲ್ಲಿ ಫೀಗೆ ಅಂತ ಬೇರೆ ಕಾಲಮ್ ಇಲ್ಲ. ಕಳಿಸಿದ ಮೊತ್ತದ ಜೊತೆಗೇ ಫೀ ಸೇರಿಸಿ ಒಂದೇ ಅಂಕಿ ಬರೆದಿರುತ್ತೆ. ಒಂದೇ ವಹಿವಾಟಿನಲ್ಲಿ ಹಲವರಿಗೆ ಕಳಿಸಿದ್ದರೆ ಮೊದಲ ಸಾಲಿಗೆ ಪೂರ್ತಿ ಫೀ ಅಂಟಿಕೊಳ್ಳುತ್ತೆ. ಕೂಡಿಸೋಕೆ ಸರಿ. ‘ಈ ವರ್ಷ ಫೀ ಅಂತಲೇ ಎಷ್ಟು ಹೋಯ್ತು’ ಅಂತ ಕೇಳಿದ್ರೆ ಮಾತ್ರ ಆ ಫೈಲ್ ಉತ್ತರ ಕೊಡಲ್ಲ. ಲೆಕ್ಕ ಇಡೋವ್ರಿಗೆ ಆ ಉತ್ತರ ಬೇಕಾಗುತ್ತೆ.

ಲೆಕ್ಕದಹಾಳೆ ಅವರೇ, ನಿಮ್ಮ ತೊಂದರೆ ಇದೇ ಇರಬೇಕು. ಲಿಸ್ಟ್‌ಟ್ರಾನ್ಸಾಕ್ಷನ್ಸ್ ಒಂದು ವಹಿವಾಟಿಗೆ ಒಂದು ಸಾಲು ಕೊಡೋದಲ್ಲ, ಪಡೆದವರು ಎಷ್ಟು ಜನವೋ ಅಷ್ಟು ಸಾಲು ಕೊಡುತ್ತೆ. ಪ್ರತಿ ಸಾಲಿನಲ್ಲೂ ಇಡೀ ವಹಿವಾಟಿನ ಫೀ ಮತ್ತೆ ಮತ್ತೆ ಬರೆದಿರುತ್ತೆ. ಹಂಚಿ ಅಲ್ಲ, ಪೂರ್ತಿ. ನಿಮ್ಮ 143 ಸಾಲಿನಲ್ಲಿ ಬೇರೆ ಬೇರೆ ಟಿಎಕ್ಸ್‌ಐಡಿ (ವಹಿವಾಟಿನ ಗುರುತು) ಎಷ್ಟಿವೆ ಎಣಿಸಿ ನೋಡಿ.

ಲೆಕ್ಕದಹಾಳೆ

138 ಇವೆ ಸರ್. ಒಂದು ಟಿಎಕ್ಸ್‌ಐಡಿ ನಾಲ್ಕು ಸಲ ಬಂದಿದೆ. ಹೌದು, ಅವತ್ತು ನಾಲ್ಕು ಜನಕ್ಕೆ ಒಟ್ಟಿಗೆ ಕಳಿಸಿದ್ದೆ. ನಾಲ್ಕೂ ಸಾಲಿನಲ್ಲಿ ಫೀ -0.00024 ಅಂತಿದೆ! ನಾಲ್ಕರಲ್ಲಿ ಮೂರು ಹೆಚ್ಚುವರಿ, ಮೂರು ಇಪ್ಪತ್ನಾಲ್ಕು ಎಪ್ಪತ್ತೆರಡು. 72,000 ಸಿಕ್ಕಿತು.

ಇನ್ನು ಎರಡು ಟಿಎಕ್ಸ್‌ಐಡಿ ಎರಡೆರಡು ಸಲ ಇವೆ. ಒಂದರಲ್ಲಿ ‘ಸೆಂಡ್’, ಇನ್ನೊಂದರಲ್ಲಿ ‘ರಿಸೀವ್’. ಇವನ್ನ ಏನು ಮಾಡಲಿ?

ಕಪ್ಪುಪರದೆ

ನಿಮ್ಮದೇ ವಿಳಾಸಕ್ಕೆ ನೀವೇ ಕಳಿಸಿಕೊಂಡದ್ದು ಅದು. ಎರಡನ್ನೂ ಹಾಗೇ ಬಿಡಿ. ಒಂದು ಋಣ, ಒಂದು ಧನ, ಹೊಡೆದುಹೋಗುತ್ತೆ, ಫೀ ಮಾತ್ರ ಉಳಿಯುತ್ತೆ. ಅದೇ ಸರಿಯಾದ ಲೆಕ್ಕ. ಒಂದನ್ನ ಅಳಿಸಿದ್ರೇ ತಪ್ಪಾಗೋದು.

ಚೇಂಜ್ ಬಗ್ಗೆಯೂ ಹೇಳಿಬಿಡ್ತೀನಿ, ಮುಂದೆ ಯಾರಾದ್ರೂ ಕೇಳ್ತಾರೆ. ಕಳಿಸುವಾಗ ಉಳಿದ ಚಿಲ್ಲರೆ ನಿಮ್ಮದೇ ವಾಲೆಟ್ಟಿನ ಹೊಸ ವಿಳಾಸಕ್ಕೆ ವಾಪಸ್ ಬರುತ್ತಲ್ಲ, ಅದನ್ನ ಈ ಪಟ್ಟಿ ತೋರಿಸೋದಿಲ್ಲ. ಬ್ಲಾಕ್ ಎಕ್ಸ್‌ಪ್ಲೋರರ್‌ನಲ್ಲಿ (ಎಲ್ಲರ ವಹಿವಾಟು ತೋರಿಸೋ ವೆಬ್‌ಸೈಟ್) ನೋಡಿದ್ರೆ ಕಾಣುತ್ತೆ, ಪಟ್ಟಿಯಲ್ಲಿ ಇಲ್ಲ. ಗಾಬರಿಯಾಗಿ ಅದನ್ನ ಕೈಯಿಂದ ಸೇರಿಸಬೇಡಿ.

ಕಿರ್ದಿಬರಹ

ಲೆಕ್ಕಪತ್ರದ ಕೆಲಸದಲ್ಲಿ ಇರುವವಳು ನಾನು, ಸ್ಕ್ರಿಪ್ಟ್ ಬರೆಯೋದು ಆಮೇಲೆ ಕಲಿತದ್ದು. ಹಳೇ ಕಾಲದಲ್ಲಿ ಕಿರ್ದಿ ಬರೆಯುವವರು ದಿನದ ಕೊನೆಗೆ ಶಿಲ್ಕು ತೆಗೆದು, ಪೆಟ್ಟಿಗೆಯಲ್ಲಿರೋ ಹಣ ಎಣಿಸಿ, ಎರಡೂ ಒಂದೇ ಆದಮೇಲೆ ಗೆರೆ ಎಳೀತಿದ್ರು. ಲೆಕ್ಕದಹಾಳೆ ಅವರು ಮಾಡಿದ್ದೂ ಅದೇ, ಮನಸಾರೆ ಮೆಚ್ಚಿದೆ. ಬಹಳ ಜನ ಸಿಎಸ್‌ವಿ ತೆರೆಯಿತು ಅಂದ ಕೂಡಲೇ ಕೆಲಸ ಆಯ್ತು ಅಂತ ಎದ್ದು ಹೋಗ್ತಾರೆ. ಕೂಡಿಸಿ ನೋಡದಿದ್ದರೆ ಈ ನಾಲ್ಕು ಸಲದ ಫೀ ಯಾರಿಗೂ ಗೊತ್ತೇ ಆಗ್ತಿರಲಿಲ್ಲ.

ನನ್ನ ಸ್ಕ್ರಿಪ್ಟಿನ ಕೊನೆಯಲ್ಲಿ ಒಂದು ಪರೀಕ್ಷೆ ಇಟ್ಟಿದೀನಿ. ಸಾಲುಗಳ ಮೊತ್ತ, ಅದಕ್ಕೆ ಟಿಎಕ್ಸ್‌ಐಡಿಗೆ ಒಂದರಂತೆ ಫೀ, ಎರಡೂ ಕೂಡಿಸಿ, ವಾಲೆಟ್ಟಿನ ಬ್ಯಾಲೆನ್ಸ್ ಹೇಳೋ ಗೆಟ್‌ಬ್ಯಾಲೆನ್ಸ್ ಆದೇಶದ ಉತ್ತರದ ಜೊತೆ ಹೋಲಿಸುತ್ತೆ. ಒಂದು ಸತೋಶಿ ವ್ಯತ್ಯಾಸ ಇದ್ರೂ ಫೈಲ್ ಬರೆಯದೇ ನಿಲ್ಲುತ್ತೆ. ಇನ್ನೂ ಖಚಿತವಾಗದೇ ಬಾಕಿ ಇರೋ ವಹಿವಾಟು ಯಾವುದೂ ಇಲ್ಲದ ಹೊತ್ತು ನೋಡಿ ಓಡಿಸಬೇಕು, ಅಷ್ಟೇ.

ಅಂದಹಾಗೆ, ಉಳಿದ ಆ ಒಂದು ಸತೋಶಿ ಎಲ್ಲಿ?

ಲೆಕ್ಕದಹಾಳೆ

ಅದೇ ಮೇಡಂ, ಅದೊಂದು ಹಾಗೇ ನಿಂತಿದೆ. ಒಂದು ಸತೋಶಿ ತಾನೇ, ಬಿಡೋಣ ಅಂತ ಒಂದು ಮನಸ್ಸು.

ಕಿರ್ದಿಬರಹ

ದಯವಿಟ್ಟು ಬಿಡಬೇಡಿ. ಒಂದು ಅಂದ್ರೆ ಒಂದೇ ತಪ್ಪು ಅಂತ ಅರ್ಥ ಅಲ್ಲ. ಬಿಟ್‌ಕಾಯಿನ್‌ನಿಂದ ಸತೋಶಿಗೆ ಹೇಗೆ ಬದಲಾಯಿಸ್ತಿದೀರಿ?

ಲೆಕ್ಕದಹಾಳೆ

ಜೇಸನ್‌ನಿಂದ ಬಂದ ಸಂಖ್ಯೆಯನ್ನ ಹತ್ತು ಕೋಟಿಯಿಂದ ಗುಣಿಸಿ, ಇಂಟ್ ಹಾಕಿ ಪೂರ್ಣಾಂಕ ಮಾಡ್ತೀನಿ.

ಕಪ್ಪುಪರದೆ

ಸಿಕ್ಕಿತು. ಪೈಥಾನ್ ತೆರೆದು 0.29 ಅನ್ನು ಹತ್ತು ಕೋಟಿಯಿಂದ ಗುಣಿಸಿ ನೋಡಿ. 2,90,00,000 ಬರಲ್ಲ, 28999999.999999996 ಬರುತ್ತೆ. ಇಂಟ್ ದಶಾಂಶ ಭಾಗವನ್ನ ಕತ್ತರಿಸಿ ಎಸೆಯುತ್ತೆ, 2,89,99,999 ಉಳಿಯುತ್ತೆ. ಕಂಪ್ಯೂಟರ್ ದಶಾಂಶವನ್ನ ಎರಡರ ಘಾತಗಳಲ್ಲಿ ಇಟ್ಟುಕೊಳ್ಳೋದ್ರಿಂದ 0.29 ಅನ್ನೋದು ಅದರೊಳಗೆ ಸರಿಯಾಗಿ 0.29 ಆಗಿರೋದೇ ಇಲ್ಲ, ಕೂದಲೆಳೆಯಷ್ಟು ಕಡಿಮೆ ಇರುತ್ತೆ.

ಜೇಸನ್ ಓದುವ ಹೊತ್ತಿಗೇ, ದಶಾಂಶ ಸಂಖ್ಯೆಗಳನ್ನ ಫ್ಲೋಟ್ (ಎರಡರ ಘಾತದ ಆ ರೂಪ) ಬದಲು ಡೆಸಿಮಲ್ (ಹತ್ತರ ಘಾತದ ರೂಪ) ಆಗಿ ಓದು ಅಂತ ಹೇಳಿ. ಪಾರ್ಸ್-ಫ್ಲೋಟ್ ಅನ್ನೋ ಆಯ್ಕೆ ಇರೋದು ಅದಕ್ಕೇ. ಒಮ್ಮೆ ಫ್ಲೋಟ್ ಆದಮೇಲೆ ಡೆಸಿಮಲ್‌ಗೆ ಹಾಕಿದ್ರೆ ಪ್ರಯೋಜನ ಇಲ್ಲ, ಕೊಳೆ ಆಗಲೇ ಹತ್ತಿರುತ್ತೆ.

ಲೆಕ್ಕದಹಾಳೆ

ಮಾಡಿದೆ. ಹಳೇ ಫೈಲ್, ಹೊಸ ಫೈಲ್ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಮೇಡಂ ಹೇಳಿದ್ದು ಅಕ್ಷರಶಃ ನಿಜ. ತಪ್ಪಿದ್ದ ಸಾಲು ಒಂದಲ್ಲ, ಏಳು! ಬಂದ ಸಾಲುಗಳಲ್ಲಿ ನಾಲ್ಕು, ಒಂದೊಂದು ಸತೋಶಿ ಕಡಿಮೆ. ಕಳಿಸಿದ ಸಾಲುಗಳಲ್ಲಿ ಮೂರು, ಅಲ್ಲಿ ಸಂಖ್ಯೆ ಋಣ ಆದ್ದರಿಂದ ಕತ್ತರಿಸಿದಾಗ ಒಂದೊಂದು ಸತೋಶಿ ನನ್ನ ಕಡೆಗೆ ಜಾಸ್ತಿ. ನಾಲ್ಕರಲ್ಲಿ ಮೂರು ಹೊಡೆದುಹೋಗಿ ಒಂದು ಉಳಿದಿತ್ತು. ಮೂರು–ಮೂರು ಇದ್ದಿದ್ರೆ ತಾಳೆ ಆಗಿಬಿಡ್ತಿತ್ತು, ಆರು ಸಾಲು ತಪ್ಪಾಗಿ ಕೂತಿರ್ತಿದ್ವು.

ಕಿರ್ದಿಬರಹ

ಹೌದು, ಅದಕ್ಕೇ ಮೊತ್ತ ಒಂದನ್ನೇ ನಂಬಬಾರದು. ನಾನು ಅಲ್ಲಲ್ಲಿ ನಾಲ್ಕೈದು ಸಾಲು ಆರಿಸಿ, ಒಂದೇ ವಹಿವಾಟಿನ ವಿವರ ಕೊಡೋ ಗೆಟ್‌ಟ್ರಾನ್ಸಾಕ್ಷನ್ ಕರೆದು, ಅಂಕಿಗೆ ಅಂಕಿ ಇಟ್ಟು ನೋಡ್ತೀನಿ.

ಹೊಸಹೆಜ್ಜೆ

ಇದನ್ನೆಲ್ಲ ಓದಿ ನಾನೂ ಓಡಿಸಿ ನೋಡಿದೆ. ಪೈಥಾನ್ ಬರಲ್ಲ, ಶೆಲ್‌ನಲ್ಲೇ (ಆದೇಶ ಟೈಪ್ ಮಾಡೋ ಕಿಟಕಿ) ಜೆಕ್ಯೂ (ಜೇಸನ್ ಬಿಡಿಸೋ ಸಾಧನ) ಇಟ್ಟು ಮಾಡ್ತಿದೀನಿ. ಲಿಸ್ಟ್‌ಟ್ರಾನ್ಸಾಕ್ಷನ್ಸ್‌ಗೆ ಎಲ್ಲ ಲೇಬಲ್ಲುಗಳಿಗೆ (ವಿಳಾಸಕ್ಕೆ ನಾವಿಟ್ಟ ಹೆಸರು) ಅಂತ ನಕ್ಷತ್ರ ಚಿಹ್ನೆ, ಆಮೇಲೆ 1000 ಕೊಟ್ಟೆ. ಆದ್ರೆ ಎರರ್ ಬರ್ತಿದೆ. ಅದರಲ್ಲಿ ನನ್ನ ಫೋಲ್ಡರಿನ ಫೈಲ್ ಹೆಸರುಗಳ ಬಗ್ಗೆ ಏನೋ ಇದೆ, ಅವು ಅಲ್ಲಿಗೆ ಹೇಗೆ ಬಂದ್ವು?

ಕಪ್ಪುಪರದೆ

ನಕ್ಷತ್ರವನ್ನ ಉದ್ಧರಣ ಚಿಹ್ನೆಯೊಳಗೆ ಇಡಿ. ಬರೀ ನಕ್ಷತ್ರ ಕಂಡರೆ ಶೆಲ್ ಅದನ್ನ ‘ಈ ಫೋಲ್ಡರಿನ ಎಲ್ಲ ಫೈಲುಗಳು’ ಅಂತ ಬಿಡಿಸಿ ಆ ಹೆಸರುಗಳನ್ನ ಮುಂದೆ ದಾಟಿಸುತ್ತೆ. ಜೆಕ್ಯೂ ಕೂಡ ದಶಾಂಶವನ್ನ ಫ್ಲೋಟ್ ಆಗಿಯೇ ಗುಣಿಸೋದು, ಹಾಗಾಗಿ ಗುಣಿಸಿದ ಮೇಲೆ ರೌಂಡ್ ಹಾಕಿ, ಕತ್ತರಿಸಬೇಡಿ. ಬಿಟ್‌ಕಾಯಿನ್ ಮಟ್ಟಿಗೆ ಅದು ಸಾಕು. ಒಟ್ಟು 2.1 ಕೋಟಿ ನಾಣ್ಯ, ಸತೋಶಿಯಲ್ಲಿ 2100 ಲಕ್ಷ ಕೋಟಿ ಆದ್ರೂ ಫ್ಲೋಟ್ ನಿಖರವಾಗಿ ಹಿಡಿಯೋ ಪೂರ್ಣಾಂಕದ ಮಿತಿಯೊಳಗೇ ಇದೆ.

ಸರಪಳಿಕೊಂಡಿ

ಈಥೀರಿಯಂಗೆ (ಇನ್ನೊಂದು ಕ್ರಿಪ್ಟೋ ಜಾಲ) ಆ ಸಮಾಧಾನ ಇಲ್ಲ ನೋಡಿ. ಅದರ ನಾಣ್ಯ ಈಥರ್, ಅತಿ ಚಿಕ್ಕ ಪಾಲು ವೇ. ಒಂದು ಈಥರ್ ಅಂದ್ರೆ ಒಂದರ ಮುಂದೆ ಹದಿನೆಂಟು ಸೊನ್ನೆಯಷ್ಟು ವೇ. ಸ್ಪ್ರೆಡ್‌ಶೀಟ್ ಹಿಡಿಯೋದು ಮೊದಲ 15 ಅಂಕೆ. 1234567890123456789 ವೇ ಅಂತ ಸೆಲ್‌ಗೆ ಹಾಕಿದ್ರೆ 1234567890123450000 ಆಗಿ ಕೂರುತ್ತೆ, ಎಚ್ಚರಿಕೆ ಕೂಡ ಕೊಡಲ್ಲ. ನಾನು ಎರಡು ಕಾಲಮ್ ಇಡ್ತೀನಿ. ಒಂದರಲ್ಲಿ ಪೂರ್ತಿ ವೇ ಪಠ್ಯವಾಗಿ, ಇನ್ನೊಂದರಲ್ಲಿ ನೋಡೋಕೆ ಅನುಕೂಲ ಆಗೋ ಹಾಗೆ ಈಥರ್‌ನಲ್ಲಿ. ತಾಳೆ ನೋಡೋದು ಸ್ಕ್ರಿಪ್ಟಿನೊಳಗೆ, ಶೀಟಿನಲ್ಲಲ್ಲ. ಪೈಥಾನ್‌ನ ಪೂರ್ಣಾಂಕಕ್ಕೆ ಉದ್ದದ ಮಿತಿ ಇಲ್ಲ, ಅದು ನಿಶ್ಚಿಂತೆ.

ಟೋಕನ್‌ಗಳಿಗೆ (ಈಥೀರಿಯಂ ಮೇಲೆ ಬೇರೆಯವರು ಹೊರಡಿಸೋ ನಾಣ್ಯ) ಹದಿನೆಂಟೇ ದಶಾಂಶ ಅಂತ ಗಟ್ಟಿಯಾಗಿ ಬರೆದುಬಿಡಬೇಡಿ. ಡಾಲರ್ ಬೆಲೆಗೆ ಕಟ್ಟಿದ ಟೋಕನ್ ಯುಎಸ್‌ಡಿಸಿಗೆ ಆರು ದಶಾಂಶ. ಹದಿನೆಂಟು ಅಂತ ಭಾಗಿಸಿದ್ರೆ ಇದ್ದದ್ದೆಲ್ಲ ಸೊನ್ನೆಯಾಗಿ ಕಾಣುತ್ತೆ.

ಇನ್ನೊಂದು, ನಾನು ಒಂದು ವಾರ ಕಳೆದದ್ದು ಇದರಲ್ಲೇ: ವಿಫಲವಾದ ವಹಿವಾಟು. ಹಣ ಹೋಗಿರಲ್ಲ, ಗ್ಯಾಸ್ (ಅಲ್ಲಿನ ಫೀ) ಮಾತ್ರ ಹೋಗಿರುತ್ತೆ. ನನ್ನ ಸ್ಕ್ರಿಪ್ಟ್ ಸ್ಥಿತಿ ನೋಡದೇ ಮೊತ್ತವನ್ನೂ ಕಳೀತಿತ್ತು. ಸ್ಥಿತಿ ಸೊನ್ನೆ ಇದ್ದರೆ ಮೊತ್ತವನ್ನ ಸೊನ್ನೆ ಮಾಡಿ, ಫೀ ಉಳಿಸಬೇಕು. ಇಷ್ಟಾದ ಮೇಲೂ ತಾಳೆ ಆಗದಿದ್ರೆ ಒಳವಹಿವಾಟು ನೋಡಿ. ಕಾಂಟ್ರಾಕ್ಟ್ (ಜಾಲದಲ್ಲೇ ಓಡೋ ಪ್ರೋಗ್ರಾಂ) ಒಂದು ನಿಮಗೆ ಈಥರ್ ಕಳಿಸಿದ್ರೆ ಅದು ಸಾಮಾನ್ಯ ಪಟ್ಟಿಯಲ್ಲಿ ಬರೋದಿಲ್ಲ, ಈಥೀರಿಯಂನ ಎಕ್ಸ್‌ಪ್ಲೋರರ್ ಆದ ಈಥರ್‌ಸ್ಕ್ಯಾನ್‌ನಲ್ಲಿ ಕೂಡ ಅದಕ್ಕೆ ಬೇರೆಯೇ ಪಟ್ಟಿ ಇರೋದು.

ಮೂರನೇಕಣ್ಣು

ಟೋಕನ್ ಮಾತು ಬಂತು ಅಂತ ಹೇಳ್ತೀನಿ, ದಯವಿಟ್ಟು ಇದನ್ನ ಹಗುರವಾಗಿ ತಗೋಬೇಡಿ. ಟೋಕನ್‌ಗೆ ಹೆಸರು ಇಡೋದು ಅದನ್ನ ಸೃಷ್ಟಿಸಿದವರು. ಕೇಳದೇ ನಿಮ್ಮ ವಿಳಾಸಕ್ಕೆ ಬಂದು ಬೀಳೋ ಟೋಕನ್‌ಗಳ ಹೆಸರು ಸಮ ಚಿಹ್ನೆಯಿಂದ ಶುರುವಾದರೆ ಸ್ಪ್ರೆಡ್‌ಶೀಟ್ ಅದನ್ನ ಹೆಸರು ಅಂತ ನೋಡಲ್ಲ, ಸೂತ್ರ ಅಂತ ನೋಡುತ್ತೆ. ಆ ಸೂತ್ರ ಒಂದು ಲಿಂಕ್ ತೋರಿಸಬಹುದು, ಶೀಟಿನಲ್ಲಿರೋದನ್ನ ಹೊರಗೆ ಕಳಿಸೋ ಪ್ರಯತ್ನವನ್ನೂ ಮಾಡಬಹುದು. ಹೊರಗಿನವರು ಬರೆಯಬಹುದಾದ ಯಾವ ಕಾಲಮ್ ಆದ್ರೂ ಸರಿ, ಮೊದಲ ಅಕ್ಷರ ಸಮ, ಕೂಡು, ಕಳೆ ಅಥವಾ ಅಟ್ ಚಿಹ್ನೆ ಆಗಿದ್ರೆ ಅದಕ್ಕಿಂತ ಮೊದಲು ಒಂಟಿ ಉದ್ಧರಣ ಚಿಹ್ನೆ ಸೇರಿಸಿ ಬರೆಯಿರಿ. ಋಣ ಮೊತ್ತದ ಕಾಲಮ್‌ಗೆ ಈ ನಿಯಮ ಹಾಕಬೇಡಿ, ಅಲ್ಲಿ ಬರೆಯೋದು ನಿಮ್ಮ ಸ್ಕ್ರಿಪ್ಟೇ.

ಇದಕ್ಕಿಂತ ಮುಖ್ಯವಾದದ್ದು: ವಹಿವಾಟಿನ ಪಟ್ಟಿ ತೆಗೆಯೋಕೆ ಖಾಸಗಿ ಕೀ (ಹಣ ಖರ್ಚು ಮಾಡೋಕೆ ಬೇಕಾದ ಗುಟ್ಟು) ಬೇಕಾಗೋದೇ ಇಲ್ಲ. ವಾಲೆಟ್ ಅನ್‌ಲಾಕ್ ಮಾಡಬೇಕಾಗಿಯೂ ಇಲ್ಲ. ಎಲ್ಲಿಂದಲೋ ಇಳಿಸಿಕೊಂಡ ಸ್ಕ್ರಿಪ್ಟ್ ನಿಮ್ಮ ವಾಲೆಟ್ಟನ್ನ ಮತ್ತೆ ಕಟ್ಟೋ ಹನ್ನೆರಡು ಅಥವಾ ಇಪ್ಪತ್ನಾಲ್ಕು ಪದ ಕೇಳಿತು ಅಂದ್ರೆ ಆ ಕ್ಷಣವೇ ಮುಚ್ಚಿ, ಅಳಿಸಿ. ನನ್ನ ಹತ್ತಿರದವರೊಬ್ಬರು ‘ವರದಿ ಬೇಗ ಆಗುತ್ತೆ’ ಅಂತ ನಂಬಿ ಪದಗಳನ್ನ ಒಂದು ಟೂಲ್‌ಗೆ ಕೊಟ್ಟರು. ವರದಿ ಬಂತು, ಅದೇ ರಾತ್ರಿ ವಾಲೆಟ್ ಖಾಲಿ. ಅವರ ಮುಖ ಇವತ್ತಿಗೂ ನನ್ನ ಕಣ್ಣಮುಂದಿದೆ.

ಹಾರ್ಡ್‌ವೇರ್ ವಾಲೆಟ್ (ಕೀ ಇಡೋ ಪುಟ್ಟ ಸಾಧನ) ಇರೋವ್ರು ಸಾರ್ವಜನಿಕ ಡಿಸ್ಕ್ರಿಪ್ಟರ್ (ವಿಳಾಸಗಳನ್ನ ಹೇಗೆ ಹುಟ್ಟಿಸಬೇಕು ಅನ್ನೋ ವಿವರ) ಮಾತ್ರ ತೆಗೆದು, ಖಾಸಗಿ ಕೀ ಇಲ್ಲದ ಹೊಸ ವಾಲೆಟ್ ಕೋರ್‌ನಲ್ಲಿ ಮಾಡಿ, ಅದಕ್ಕೆ ಇಂಪೋರ್ಟ್ ಮಾಡಿ ಅಲ್ಲಿಂದ ಪಟ್ಟಿ ತೆಗೆಯಬಹುದು. ಡಿಸ್ಕ್ರಿಪ್ಟರ್ ಒಳಗಿರೋ ಎಕ್ಸ್‌ಪಬ್ (ವಿಳಾಸಗಳೆಲ್ಲ ಹುಟ್ಟೋ ಸಾರ್ವಜನಿಕ ಕೀ) ಇಟ್ಟುಕೊಂಡು ಯಾರೂ ಖರ್ಚು ಮಾಡೋಕಾಗಲ್ಲ ನಿಜ, ಆದರೆ ಅದು ಸಿಕ್ಕಿದವರಿಗೆ ನಿಮ್ಮ ಹಿಂದಿನ, ಮುಂದಿನ ವಿಳಾಸಗಳೆಲ್ಲ ಕಾಣ್ತವೆ. ಅದನ್ನ ಯಾವ ಸೈಟಿಗೂ ಅಂಟಿಸಬೇಡಿ. ಸಿಎಸ್‌ವಿ ಫೈಲ್ ಕೂಡ ಅಷ್ಟೇ, ನಿಮ್ಮ ಪೂರ್ತಿ ಜಾತಕ ಅದರಲ್ಲಿದೆ.

ಬೂದುನಾಣ್ಯ

ಮೊನೆರೋ (ವಹಿವಾಟು ಮರೆಮಾಡೋ ಇನ್ನೊಂದು ನಾಣ್ಯ) ಬಳಸೋವ್ರಿಗೆ ಸ್ಕ್ರಿಪ್ಟ್ ಬೇಡ. ಮೊನೆರೋ-ವಾಲೆಟ್-ಸಿಎಲ್‌ಐ ಒಳಗೇ ಎಕ್ಸ್‌ಪೋರ್ಟ್-ಟ್ರಾನ್ಸ್‌ಫರ್ಸ್ ಅನ್ನೋ ಆದೇಶ ಇದೆ, ನೇರ ಸಿಎಸ್‌ವಿ ಕೊಡುತ್ತೆ. ಒಂದೇ ಎಚ್ಚರ: ವ್ಯೂ ಕೀ (ನೋಡೋಕೆ ಮಾತ್ರ ಆಗೋ ಕೀ) ಮಾತ್ರ ಇರೋ ವಾಲೆಟ್‌ನಿಂದ ತೆಗೆದ್ರೆ ಬಂದದ್ದು ಕಾಣುತ್ತೆ, ಹೋದದ್ದು ಸರಿಯಾಗಿ ಕಾಣಲ್ಲ. ಖರ್ಚಾದದ್ದನ್ನ ಗುರುತಿಸೋ ಕೀ ಇಮೇಜ್‌ಗಳನ್ನ ತಂದು ಹಾಕಬೇಕು.

ಲೆಕ್ಕದಹಾಳೆ

ಸ್ಕ್ರಿಪ್ಟ್ ಕಡೆ ಈಗ ವ್ಯತ್ಯಾಸ ಸೊನ್ನೆ. ಎಲ್ಲರಿಗೂ ತುಂಬಾ ಧನ್ಯವಾದ. ಆದ್ರೆ ಶೀಟ್ ತೆರೆದಾಗ ಹೊಸ ತೊಂದರೆಗಳು. ಒಂದು, ನನ್ನ ಲೇಬಲ್ಲುಗಳೆಲ್ಲ ಕನ್ನಡದಲ್ಲಿವೆ, ಎಕ್ಸೆಲ್‌ನಲ್ಲಿ ಅವು ಗುರುತೇ ಸಿಗದ ಅಕ್ಷರಗಳಾಗಿವೆ. ಎರಡು, ಪ್ರತಿ ಸಾಲಿನ ನಡುವೆ ಒಂದು ಖಾಲಿ ಸಾಲು. ಮೂರು, ಸಮಯ ಅಂತ ಹತ್ತು ಅಂಕೆಯ ಸಂಖ್ಯೆ ಇದೆ. ನಾಲ್ಕನೆಯದು ವಿಚಿತ್ರ: ಟಿಎಕ್ಸ್‌ಐಡಿ ತುಂಬಾ ಉದ್ದ ಅಂತ ಮೊದಲ ಎಂಟು ಅಕ್ಷರ ಮಾತ್ರ ಬರೆದಿದ್ದೆ, ಎರಡು ಕಡೆ ಅದು ಬೇರೆಯೇ ಆಗಿಹೋಗಿದೆ.

ಕಪ್ಪುಪರದೆ

ನಾಲ್ಕನೆಯದರಿಂದಲೇ ಶುರು ಮಾಡ್ತೀನಿ. ಟಿಎಕ್ಸ್‌ಐಡಿ ಅನ್ನೋದು 64 ಹೆಕ್ಸ್ ಅಕ್ಷರ, ಅಂದ್ರೆ ಸೊನ್ನೆಯಿಂದ ಒಂಬತ್ತು ಮತ್ತು ಇಂಗ್ಲಿಷಿನ ಎ ಇಂದ ಎಫ್. ಎಂಟು ಅಕ್ಷರಕ್ಕೆ ಕತ್ತರಿಸಿದಾಗ ನೂರರಲ್ಲಿ ಎರಡರಷ್ಟು ತುಣುಕುಗಳು ಬರೀ ಅಂಕೆಗಳೇ ಆಗಿರ್ತವೆ. ಅವನ್ನ ಶೀಟ್ ಸಂಖ್ಯೆ ಅಂತ ಓದಿ ಶುರುವಿನ ಸೊನ್ನೆ ತೆಗೆದುಬಿಡುತ್ತೆ. ಇನ್ನು ಕೆಲವದರಲ್ಲಿ ಅಂಕೆಗಳ ನಡುವೆ ಒಂದೇ ಒಂದು ‘ಇ’ ಅಕ್ಷರ ಇರುತ್ತೆ. 41207, ಆಮೇಲೆ ‘ಇ’, ಆಮೇಲೆ 93 ಅಂತ ಇದ್ದರೆ ಶೀಟ್ ಅದನ್ನ ಹತ್ತರ ಘಾತ ಅಂತ ಓದಿ 4.12ಇ+97 ಅಂತ ತೋರಿಸುತ್ತೆ. ಕತ್ತರಿಸಬೇಡಿ, ಪೂರ್ತಿ 64 ಬರೆಯಿರಿ, ಕಾಲಮ್ ಅಗಲವನ್ನ ಕಿರಿದು ಮಾಡಿದ್ರೆ ಸಾಕು. ಫೈಲನ್ನ ಎರಡು ಸಲ ಕ್ಲಿಕ್ ಮಾಡಿ ತೆರೆಯೋ ಬದಲು ಇಂಪೋರ್ಟ್ ಮೂಲಕ ತಂದು, ಆ ಕಾಲಮ್‌ಗೆ ‘ಪಠ್ಯ’ ಅಂತ ಆರಿಸಿ.

ಕನ್ನಡ ಅಕ್ಷರಕ್ಕೆ: ಸ್ಕ್ರಿಪ್ಟಿನಲ್ಲಿ ಫೈಲ್ ತೆರೆಯುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನ ಬೈಟ್ ಆಗಿ ಬರೆಯೋ ಪದ್ಧತಿ) ಅನ್ನು ಯುಟಿಎಫ್-8-ಸಿಗ್ ಅಂತ ಕೊಡಿ. ಅದು ಫೈಲಿನ ತಲೆಯಲ್ಲಿ ಮೂರು ಬೈಟಿನ ಗುರುತು ಹಾಕುತ್ತೆ, ಎಕ್ಸೆಲ್ ಅದನ್ನ ಕಂಡರೆ ಯುಟಿಎಫ್-8 ಅಂತ ಸರಿಯಾಗಿ ಓದುತ್ತೆ. ಲಿಬ್ರೆಆಫೀಸ್‌ನಲ್ಲಿ ತೆರೆಯುವಾಗ ಎನ್‌ಕೋಡಿಂಗ್ ಕೇಳುತ್ತೆ, ಅಲ್ಲೇ ಆರಿಸಬಹುದು. ಖಾಲಿ ಸಾಲು ವಿಂಡೋಸ್‌ನಲ್ಲಿ ಬರೋದು, ಸ್ಕ್ರಿಪ್ಟಿನಲ್ಲಿ ಫೈಲ್ ತೆರೆಯೋವಾಗ ನ್ಯೂಲೈನ್ ಆಯ್ಕೆಗೆ ಖಾಲಿ ಪಠ್ಯ ಕೊಟ್ಟರೆ ನಿಲ್ಲುತ್ತೆ.

ಕಿರ್ದಿಬರಹ

ಸಮಯದ್ದು ನಾನು ಹೇಳ್ತೀನಿ. ಅದು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಎಣಿಕೆ. 86400ರಿಂದ ಭಾಗಿಸಿ 25569 ಕೂಡಿಸಿದ್ರೆ ಎಕ್ಸೆಲ್‌ನ ದಿನಾಂಕ ಆಗುತ್ತೆ. ಆದರೆ ಅದು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮಾನಕ) ಸಮಯ, ನಿಮ್ಮ ಊರಿನ ಗಡಿಯಾರ ಅಲ್ಲ. ವರ್ಷದ ಕೊನೆಯ ರಾತ್ರಿಯ ವಹಿವಾಟು ಯಾವ ವರ್ಷಕ್ಕೆ ಸೇರುತ್ತೆ ಅನ್ನೋದು ಇದರ ಮೇಲೆ ನಿಂತಿದೆ. ಯುಟಿಸಿ ಒಂದು ಕಾಲಮ್, ಸ್ಥಳೀಯ ಸಮಯ ಇನ್ನೊಂದು ಕಾಲಮ್, ಎರಡಕ್ಕೂ ತಲೆಬರಹದಲ್ಲಿ ಹೆಸರು ಬರೆದುಬಿಡಿ.

ಯಾವ ಸಮಯ ಅನ್ನೋದೂ ಮುಖ್ಯ. ‘ಟೈಮ್‌ರಿಸೀವ್ಡ್’ ಅಂದ್ರೆ ನಿಮ್ಮ ವಾಲೆಟ್ ಅದನ್ನ ಮೊದಲು ಕಂಡ ಹೊತ್ತು, ‘ಬ್ಲಾಕ್‌ಟೈಮ್’ ಅಂದ್ರೆ ಬ್ಲಾಕ್ (ಸರಪಳಿಗೆ ಒಟ್ಟಿಗೆ ಸೇರುವ ವಹಿವಾಟುಗಳ ಕಂತೆ) ಹೇಳುವ ಹೊತ್ತು. ಹಳೇ ವಾಲೆಟ್ಟನ್ನ ಇವತ್ತು ಇಂಪೋರ್ಟ್ ಮಾಡಿದ್ರೆ ಮೊದಲನೆಯದು ಇವತ್ತಿನದೇ ಆಗಿರಬಹುದು. ನಾನು ಬ್ಲಾಕ್‌ಟೈಮ್ ಬಳಸ್ತೀನಿ. ಅದೂ ನಿಮಿಷ ನಿಮಿಷಕ್ಕೆ ನಿಖರ ಅಲ್ಲ. ಹಿಂದಿನ 11 ಬ್ಲಾಕ್‌ಗಳ ಮಧ್ಯಮ ಸಮಯಕ್ಕಿಂತ ಮುಂದಿರಬೇಕು, ಎರಡು ಗಂಟೆಗಿಂತ ಹೆಚ್ಚು ಭವಿಷ್ಯದಲ್ಲಿ ಇರಬಾರದು, ಅಷ್ಟೇ ನಿಯಮ. ಎರಡು ಸಾಲು ಹಿಂದು ಮುಂದಾಗಿ ಕಂಡ್ರೆ ಬೆಚ್ಚಬೇಡಿ, ಬ್ಲಾಕ್ ಎತ್ತರದ (ಸರಪಳಿಯಲ್ಲಿ ಅದರ ಕ್ರಮಸಂಖ್ಯೆ) ಪ್ರಕಾರ ಜೋಡಿಸಿ.

ಹೊಸಹೆಜ್ಜೆ

ನನ್ನದರಲ್ಲಿ ಒಂದು ಸಾಲಿಗೆ ಕನ್ಫರ್ಮೇಶನ್ (ವಹಿವಾಟು ಸೇರಿದ ಬ್ಲಾಕಿನಿಂದ ಇಲ್ಲಿಯವರೆಗಿನ ಬ್ಲಾಕ್ ಎಣಿಕೆ) -212 ಅಂತ ಇದೆ. ಋಣ ಹೇಗೆ ಆಗುತ್ತೆ?

ಕಪ್ಪುಪರದೆ

ಫೀ ಹೆಚ್ಚಿಸಿ ಮತ್ತೆ ಕಳಿಸಿದ್ದೀರಾ? ಹಾಗಾದ್ರೆ ಅದು ಹಳೇ ಪ್ರತಿ. ಅದರ ಬದಲಿಗೆ ಹೋದದ್ದು 212 ಬ್ಲಾಕ್ ಹಿಂದೆ ಸೇರಿದೆ, ಇದು ಇನ್ನು ಯಾವತ್ತೂ ಸೇರಲ್ಲ. ಕನ್ಫರ್ಮೇಶನ್ ಸೊನ್ನೆಗಿಂತ ಕಡಿಮೆ ಇರೋದನ್ನೂ, ‘ಅಬ್ಯಾಂಡನ್ಡ್’ (ಕೈಬಿಟ್ಟದ್ದು) ಅಂತ ಗುರುತಿರೋದನ್ನೂ ಮೊತ್ತಕ್ಕೆ ಸೇರಿಸಬೇಡಿ. ಇಲ್ಲದಿದ್ರೆ ಒಂದೇ ಹಣ ಎರಡು ಸಲ ಹೋದ ಹಾಗೆ ಕಾಣುತ್ತೆ.

ಹೊಸಹೆಜ್ಜೆ

ಹೌದು, ಫೀ ಹೆಚ್ಚಿಸಿದ್ದೆ. ತೆಗೆದೆ, ತಾಳೆ ಆಯ್ತು!

ಲೆಕ್ಕದಹಾಳೆ

ನನ್ನದೂ ಎಲ್ಲ ಸರಿಹೋಯ್ತು. ಕೊನೇ ಪ್ರಶ್ನೆ: ಪ್ರತಿ ತಿಂಗಳು ಮೊದಲಿಂದ ತೆಗೆಯದೇ ಹೊಸದನ್ನ ಮಾತ್ರ ಸೇರಿಸೋಕೆ ಆಗುತ್ತಾ?

ಕಪ್ಪುಪರದೆ

ಆಗುತ್ತೆ. ಲಿಸ್ಟ್‌ಟ್ರಾನ್ಸಾಕ್ಷನ್ಸ್ ಬಿಟ್ಟು ಲಿಸ್ಟ್‌ಸಿನ್ಸ್‌ಬ್ಲಾಕ್ ಬಳಸಿ, ನೀವು ಹೇಳಿದ ಬ್ಲಾಕ್ ಆದಮೇಲಿನದನ್ನ ಕೊಡುತ್ತೆ. ಬ್ಲಾಕ್ ಹೇಳದಿದ್ರೆ ಎಲ್ಲವನ್ನೂ ಕೊಡುತ್ತೆ, 1000 ಸಾಕಾ ಸಾಲದಾ ಅನ್ನೋ ಚಿಂತೆಯೂ ಇಲ್ಲ. ಉತ್ತರದ ಕೊನೆಯಲ್ಲಿ ‘ಲಾಸ್ಟ್‌ಬ್ಲಾಕ್’ ಅಂತ ಒಂದು ಹ್ಯಾಶ್ (ಬ್ಲಾಕಿನ ಗುರುತು) ಬರುತ್ತೆ. ಅದನ್ನ ಒಂದು ಫೈಲಿನಲ್ಲಿ ಇಟ್ಟುಕೊಂಡು ಮುಂದಿನ ತಿಂಗಳು ಅಲ್ಲಿಂದ ಕೇಳಿ. ಟಾರ್ಗೆಟ್ ಕನ್ಫರ್ಮೇಶನ್ 6 ಅಂತ ಕೊಟ್ಟರೆ ಸ್ವಲ್ಪ ಹಿಂದಿನ ಬ್ಲಾಕ್ ಸಿಗುತ್ತೆ, ಸರಪಳಿಯ ತುದಿ ಬದಲಾದ್ರೂ ಏನೂ ಬಿಟ್ಟುಹೋಗಲ್ಲ. ಹಾಗೆ ಮಾಡಿದಾಗ ಕೆಲವು ಸಾಲು ಎರಡನೇ ಸಲ ಬರ್ತವೆ. ಟಿಎಕ್ಸ್‌ಐಡಿ, ವಿಔಟ್ (ವಹಿವಾಟಿನೊಳಗೆ ಎಷ್ಟನೇ ಪಾವತಿ), ವರ್ಗ ಈ ಮೂರನ್ನೂ ಸೇರಿಸಿ ಒಂದು ಗುರುತು ಮಾಡಿ, ಇದ್ದದ್ದನ್ನ ಬಿಡಿ. ವರ್ಗ ಯಾಕೆ ಅಂದ್ರೆ ನಿಮಗೆ ನೀವೇ ಕಳಿಸಿಕೊಂಡದ್ದರಲ್ಲಿ ಮೊದಲೆರಡೂ ಒಂದೇ ಇರ್ತವೆ, ‘ಸೆಂಡ್’ ‘ರಿಸೀವ್’ ಒಂದೇ ಬೇರೆ.

ಕಿರ್ದಿಬರಹ

ಪ್ರತಿ ಸಲ ಬಂದ ಜೇಸನ್ನನ್ನೂ ದಿನಾಂಕದ ಹೆಸರಲ್ಲಿ ಹಾಗೇ ಉಳಿಸಿಡಿ, ಶೀಟ್ ಪಕ್ಕದಲ್ಲೇ. ಮುಂದೆ ಶೀಟಿನಲ್ಲಿ ಯಾವುದೋ ಸೆಲ್ ಕೈತಪ್ಪಿ ಬದಲಾದ್ರೆ ಅದರಿಂದ ಮತ್ತೆ ಕಟ್ಟಬಹುದು.

ಲೆಕ್ಕದಹಾಳೆ

ಮಾಡಿದೆ. 143 ಸಾಲು, 138 ವಹಿವಾಟು, 4,18,62,000 ಸತೋಶಿ, ವ್ಯತ್ಯಾಸ ಸೊನ್ನೆ. ಲೇಬಲ್ಲುಗಳೂ ಕನ್ನಡದಲ್ಲೇ ಓದಕ್ಕೆ ಬರ್ತಿವೆ. ವಿಳಾಸ, ಲೇಬಲ್ ಎಲ್ಲ ತೆಗೆದು ಸ್ಕ್ರಿಪ್ಟನ್ನ ನಾಳೆ ಇಲ್ಲೇ ಹಾಕ್ತೀನಿ. ಕಪ್ಪುಪರದೆ ಸರ್, ಹಾಕೋ ಮೊದಲು ಒಮ್ಮೆ ಕಣ್ಣಾಡಿಸಿ ಕೊಡ್ತೀರಾ?

ಕಪ್ಪುಪರದೆ

ಖಂಡಿತ. ಫೀ ಲೆಕ್ಕದ ಭಾಗವನ್ನ ಮೊದಲು ಕಳಿಸಿ.